ಕುರ್ಡಿಗೆ ಹೋದ ಫೋಟೊ

ದೇವದುರ್ಗ
9 ನವೆಂಬರ್ 2024

ಕಾಕಾ,

ನಿನಗ ಫೋನ್ ಹಚ್ಚಿದ್ರ ನಾ ಒದರಬೇಕು, ನೀ ಹಾಂ ಹಾಂ ಅನಬೇಕು, ನಡುವ ಓಣಿ ಮಂದಿಗೆಲ್ಲಾ ಸುದ್ದಿ ಆಗಬೇಕು. ಕಿವಿಗೆ ಮಿಷಿನ್ ಹಾಕ್ಕೊ ಅಂತ ಕೊಡಿಸಿದ್ರ ಅದನ್ನ ಮೂಲ್ಯಾಗ ಇಟ್ಟು ಕುಂತೀದಿ. ಅದಕ್ಕ ಇನ್ನ ಮ್ಯಾಲೆ ಚೀಟಿನೇ ಬರೀತೀನಿ. ರೀಲಿನ ಡಬ್ಬಿ ಕೂಡ ಇದನ್ನೂ ಕಟ್ಟಿ ರಾಯಚೂರು ಬಸ್ಸಿನ ಕಂಡಕ್ಟರ್ ಹನುಮಂತ್ರಾಯನ ಕೈಯಾಗ ಕೊಟ್ಟೀನಿ. ನೀನೂ ಆತನ ಕೈಯಾಗೇ ಕಳಸು.

ಹಾಂ, ರೀಲು. ದಸರಾಕ್ಕ ಬಂದಾಗ ನಿನ್ನ ಟ್ರಂಕಿನಾಗಿನ ಯಾಶಿಕಾ ಕ್ಯಾಮೆರಾ ಎತಿಗೊಂಡು ಬಂದೆನಲ್ಲ, ನೀ ನಕ್ಕಿ. ಹನ್ನೆರಡು ವರ್ಷ ಡಿಜಿಟಲ್ ಹೊಡದಾಕಿಗೆ ಈ ಹಳೇ ಡಬ್ಬಿ ಯಾಕ ಅಂದಿ. ಸಾಕಾಗಿತ್ತು ಕಾಕಾ, ಅದಕ್ಕ. ಹೋದ ಲಗ್ನದಾಗ ಮೂರು ಸಾವಿರ ಫೋಟೊ ಹೊಡದೆ, ಒಂದೂ ನೆನಪಿಲ್ಲ. ಮದುಮಗಳು ಬಂದು ಮಾರಿ ಬೆಳ್ಳಗ ಮಾಡ್ರಿ ಅಂದ್ಲು. ಅವರವ್ವ ಬಂದು ಸೊಂಟ ಸಣ್ಣ ಮಾಡ್ರಿ ಅಂದ್ಲು. ಹಿಂದಿಂದ ಅವರ ಮಾವ ಬಂದು, ಆ ಮೂಲ್ಯಾಗ ನಿಂತಾಂವನ್ನ ತಗದು ಬಿಡ್ರಿ, ನಮಗೂ ಅವರಿಗೂ ಈಗ ಮಾತಿಲ್ಲ ಅಂದ. ಎಲ್ಲಾ ಮಾಡಿ ಕೊಟ್ಟೆ. ಕಡೀಕ ಆಲ್ಬಂ ನೋಡಿದ್ರ ಅದು ಯಾರ ಲಗ್ನ ಅಂತ ನನಗೇ ಗುರ್ತ ಸಿಗಲಿಲ್ಲ.

ಹೋದ ಐತಾರ ಗೂಗಲ್ ಊರಿಗೆ ಹೋಗಿದ್ದೆ. ಅಪ್ಪನ ಕುರಿ ಹಿಂಡು ಹೊಳಿ ದಂಡಿಗೆ ಇಳದಿತ್ತು. ರೀಲಿನಾಗ ಹನ್ನೆರಡೇ ಫೋಟೊ ಅಂತ ನೆನಪಾತು. ಬಾಳ ಹೊತ್ತು ಬರೇ ನೋಡಿಕೋತ ಕುಂತೆ. ಗುಡಿ ಹಿಂದ ಕುರಿ ಕಾಯೋ ಮುದುಕಿ ಒಬ್ಬಾಕಿ ನಿಂತಿದ್ಲು, ಆಕೀದು ಹೊಡದೆ. ಕ್ಲಿಕ್ ಅಂದದ್ದೇ ತಡ, ಓಡಿ ಬಂದು ಕ್ಯಾಮೆರಾದ ಬೆನ್ನು ನೋಡಿದ್ಲು. ಇಲ್ಲಿ ಏನೂ ಕಾಣಂಗಿಲ್ಲ ಯವ್ವಾ, ರಾಯಚೂರಾಗ ತೊಳಸಬೇಕು ಅಂದೆ. ಹಂಗಾದ್ರ ನಾ ಅದರಾಗ ಬಂದೀನೋ ಇಲ್ಲೋ ನಿನಗ ಹೆಂಗ ಗೊತ್ತು ಅಂತ ಕೇಳಿದ್ಲು. ಗೊತ್ತಿಲ್ಲ ಅಂದೆ. ಇಬ್ಬರೂ ನಕ್ಕಿವಿ. ಎಷ್ಟೋ ವರ್ಷದ ಮ್ಯಾಲೆ ನನ್ನ ಕೆಲಸ ನನಗ ಖುಷಿ ಕೊಟ್ಟದ.

ಸಣ್ಣಾಕಿದ್ದಾಗ ನಿನ್ನ ಸ್ಟುಡಿಯೋದಾಗ ಕುಂದ್ರಿಸಿಕೊಂಡು ಹೇಳ್ತಿದ್ದಿ, ರೀಲು ಸುಳ್ಳು ಹೇಳಂಗಿಲ್ಲ ಅಂತ. ಅದು ಈಗ ತಿಳಿಯಾಕತ್ತದ. ಜಲ್ದಿ ತೊಳದು ಹೇಳು, ನನಗ ತಡಿಯಾಕ ಆಗವಲ್ದು.

ನಿನ್ನ ಚಂದ್ರಕಲಾ


ರಾಯಚೂರು
16 ನವೆಂಬರ್ 2024

ಚಂದ್ರಿ, ನನ್ನವ್ವಾ,

ತೊಳದೆ. ಹನ್ನೆರಡರಾಗ ಒಂಬತ್ತು ಬಂದಾವ. ಒಂದರಾಗ ನಿನ್ನ ಬೆರಳು ಬಂದದ, ಎರಡು ಒಂದರ ಮ್ಯಾಲೊಂದು ಕುಂತಾವ. ರೀಲು ತಿರುವೋದು ಮರತೀದಿ, ಡಿಜಿಟಲ್ ಮಂದಿ ಹಣೆಬರಾನೇ ಇಷ್ಟು. ಬಿಳಿ ಧೋತರ ಉಟಗೊಂಡಾಂವ ನಿಂತಲ್ಲೆಲ್ಲಾ ಬೆಳಕು ಹೆಚ್ಚಾಗಿ ಧೋತರವೇ ಮಾಯ ಆಗ್ಯದ. ಆ ಮುದುಕಿ ಮಾತ್ರ ಬೇಷ ಬಂದಾಳ. ಆಕಿಗೆ ಹೇಳು, ಬಂದೀದಿ ಅಂತ.

ಹಿಂದಿನ ಖೋಲ್ಯಾಗ ಕೆಂಪು ಬಲ್ಬು ಹಚ್ಚದೇ ಎಷ್ಟು ವರ್ಷ ಆಗಿತ್ತೋ. ಕಿಟಕಿಗೆ ಕರೇ ಕಂಬಳಿ ಕಟ್ಟಿದ್ದು ನೋಡಿ ನಿಮ್ಮ ಕಾಕಿ, ಈ ವಯಸ್ಸಿನಾಗ ಇದೇನು ಹುಚ್ಚು ಅಂತಾಳ. ಫೋಟೊ ತೊಳಿಯೋ ಹೈಪೋ ನೀರಿನ ವಾಸನಿಗೆ ಸೆರಗಿಲೆ ಮೂಗು ಮುಚ್ಚಿಗೊಂಡು ತಿರುಗಾಡಾಕತ್ತಾಳ. ನನಗ ಮಾತ್ರ ಆ ವಾಸನಿ ಬಡದ ಕೂಡಲೇ ಇಪ್ಪತ್ತು ವರ್ಷ ಕಮ್ಮಿ ಆದಂಗಾತು. ಇದು ನಿನ್ನ ಉಪಕಾರ.

ಇನ್ನೊಂದು ಸುದ್ದಿ ಅದ. ತೀನ್ ಕಂದೀಲ್ ಸರ್ಕಲ್ ಹತ್ರ ನನ್ನ ಕೂಡ ಚಾ ಕುಡಿಯೋ ಮನುಷ್ಯ ಒಬ್ಬ ಅದಾನ. ಆತನ ತಂಗಿ ಮಗ ಕನಕರಾಯ, ಊರು ಕುರ್ಡಿ. ಮಾನ್ವ್ಯಾಗ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಾನ. ಮೂವತ್ತಮೂರು ವರ್ಷ, ನಮ್ಮ ಮಂದಿನೇ, ಕುಡಿಯಂಗಿಲ್ಲ ತಿರಗಂಗಿಲ್ಲ. ಕೆಲಸ ಮಾಡೋ ಹುಡುಗಿನೇ ಬೇಕು ಅಂತಾನಂತ. ನಿನ್ನ ಹೆಸರು ಹೇಳೀನಿ. ಫೋಟೊ ಕೇಳ್ಯಾರ. ಸಿಟ್ಟಿಗೇಳಬ್ಯಾಡ. ನಾ ನಡುವ ಇದ್ದೀನಿ, ಎಲ್ಲಾ ಬರೋಬರಿ ಮಾಡ್ತೀನಿ.

ನಿನ್ನ ಕಾಕಾ ಪರಮಣ್ಣ


ದೇವದುರ್ಗ
24 ನವೆಂಬರ್ 2024

ಕಾಕಾ,

ಸಿಟ್ಟಿಗೆದ್ದಿದ್ದೆ, ಇಳೀತು. ಹೂಂ ಅನ್ನಾಕತ್ತೀನಿ. ಆದ್ರ ಒಂದು ಕರಾರದ, ಅದನ್ನ ಪೂರ್ತಿ ಓದು.

ಎರಡು ವರ್ಷದ ಹಿಂದ ಮಾನ್ವಿಯಿಂದ ಬ್ಯಾರೇ ಮಂದಿ ನನ್ನ ನೋಡಾಕ ಬಂದಿದ್ರಲ್ಲ, ನೀ ಅವತ್ತು ಇದ್ದಿಲ್ಲ. ಅವರಿಗೆ ಕಳಿಸಿದ ಫೋಟೊ ನಮ್ಮ ಆಲ್ಬಂ ಮಾಡೋ ಹುಡುಗ ಕಂಪ್ಯೂಟರ್‌ನಾಗ ತಿದ್ದಿದ್ದ. ನನಗ ಹೇಳಿರಲಿಲ್ಲ, ಅವ್ವಗ ಹೇಳಿದ್ದ. ಅವರು ಬಂದು ಕುಂತ್ರು. ನಾ ಚಾ ತಗೊಂಡು ಹೋದೆ. ಅವರಾಗಿನ ಹಿರ್ಯಾ ಒಬ್ಬ ನನ್ನ ನೋಡಿ, ಈಕಿ ಅಕ್ಕ ಏನು, ಫೋಟೊದಾಗಿನ ಹುಡುಗಿನ್ನ ಕರೀರಿ ಅಂದ. ಆತ ಕೆಟ್ಟಾಂವ ಅಲ್ಲ ಕಾಕಾ, ಖರೇನೇ ಗುರ್ತ ಹತ್ತಲಿಲ್ಲ ಆತಗ. ಅವತ್ತು ಅಡಿಗಿ ಮನ್ಯಾಗ ಹೋಗಿ ನಿಂತಾಕಿ ಅವರು ಹೋಗೋ ತನಕ ಹೊರಗ ಬರಲಿಲ್ಲ.

ಎಡಗಲ್ಲದಿಂದ ಕೊಳ್ಳಿನ ತನಕ ನಂಗ ಸುಟ್ಟ ಕಲಿ ಅದ. ನಾಕು ವರ್ಷದಾಕಿದ್ದಾಗ ಎಸರು ಮೈಮ್ಯಾಲೆ ಬಿದ್ದು ಆದದ್ದು. ದಿನಾ ಅಂಗಡ್ಯಾಗ ಬರೋ ಮಂದಿ ಎಲ್ಲಾ ನೋಡ್ತಾರ, ನನಗ ಅದರ ನಾಚಿಕಿ ಇಲ್ಲ. ಬ್ಯಾಡ ಅನ್ನೋರು ತಮ್ಮ ಮನ್ಯಾಗ ಕುಂತು ಫೋಟೊ ನೋಡಿ ಬ್ಯಾಡ ಅನ್ನಲಿ. ಬಂದು, ಕುಂತು, ಚಾ ಕುಡದು, ನನ್ನ ಮಾರಿ ನೋಡಿ ಬ್ಯಾಡ ಅನ್ನೋದು ಇನ್ನೊಮ್ಮಿ ಆದ್ರ ನಾ ತಡಕೊಳ್ಳಂಗಿಲ್ಲ.

ಅದಕ್ಕ ರೀಲಿನಾಗೇ ಹೊಡದೀನಿ. ನನ್ನ ಅಂಗಡಿ ಸ್ಟುಡಿಯೋದ ಲೈಟ್ ಎಲ್ಲಾ ಆರಿಸಿ, ಕಿಟಕಿ ತಗದು, ಸ್ಟೂಲಿನ ಮ್ಯಾಲೆ ಕುಂತೆ. ಕಲಿ ಇದ್ದ ಕಡೀನೇ ಬೆಳಕಿಗೆ ಮಾಡೀನಿ. ಮೂರು ಸಲ ಹೊಡದೀನಿ, ಚಲೋದೊಂದು ನೀ ಆರಿಸು. ಹೆಂಗ ಬಂದದ ಹಂಗ ಪ್ರಿಂಟ್ ತಗದು ಕಳಸು. ಕಂಪ್ಯೂಟರ್ ಕೈಗೆ ಹೋಗಬಾರದು, ನಿನ್ನ ಕೈಯಾಗಿಂದ ಸೀದಾ ಹೋಗಬೇಕು. ನಿನ್ನ ಮ್ಯಾಲೆ ಭರೋಸ ಇಟ್ಟೀನಿ.

ಸಣ್ಣಾಕಿದ್ದಾಗಿಂದ ನನ್ನ ಕಲಿ ಕಡಿ ಕಣ್ಣು ಹಾಯಿಸದೇ ನನ್ನ ಕೂಡ ಮಾತಾಡಿದಾಂವ ನೀ ಒಬ್ಬನೇ. ಅವ್ವಗೂ ಅದು ಆಗಂಗಿಲ್ಲ.

ಚಂದ್ರಕಲಾ


ರಾಯಚೂರು
5 ಡಿಸೆಂಬರ್ 2024

ನನ್ನವ್ವಾ,

ರೀಲು ಚಲೋ ಬಂದದ. ಮೂರರಾಗ ನಡುವಿಂದು ಆರಿಸಿದೆ. ಏನು ಬಂದಾವ ಕಣ್ಣು! ಮೂರು ದಿನ ಅದರ ಮುಂದೇ ಕುಂತಿದ್ದೆ. ನಿಮ್ಮ ಕಾಕಿ ಉಣ್ಣಾಕ ಕರದು ಕರದು ಸಾಕಾಗಿ ತಾನೇ ಉಂಡ್ಲು. ನನಗೂ ಕಣ್ಣು ಮೊದಲಿನಂಗ ಇಲ್ಲ, ಭೂತಗನ್ನಡಿ ಹಿಡದು ಹಿಡದು ಕೊಳ್ಳು ಹಿಡಕೊಂಡದ.

ಪ್ರಿಂಟ್ ಸೀದಾ ಕುರ್ಡಿಗೆ ಕಳಿಸೀನಿ. ನಿನಗೂ ಒಂದು ಕಳಸಬೇಕಂದ್ರ ಪೇಪರ್ ಖಾಲಿ ಆಗ್ಯದ, ಹೈದರಾಬಾದಿನಿಂದ ಬರಬೇಕು. ನೆಗೆಟಿವ್ ಇಲ್ಲೇ ಇರಲಿ. ಬಸ್ಸಿನಾಗ ಬಂದ್ರ ಗೀರು ಬೀಳ್ತದ, ಯಾಕ ಬೇಕು.

ಗೂಗಲ್ ಕಡಿ ಇನ್ನೊಂದು ರೀಲು ಹೊಡದಿದ್ರ ಕಳಸು. ಈ ಸಲ ಧೋತರ ಸುಡಬ್ಯಾಡ.

ಕಾಕಾ


ದೇವದುರ್ಗ
14 ಡಿಸೆಂಬರ್ 2024

ಕಾಕಾ, ಕಾಕಾ,

ಹೂಂ ಅಂದಾರ! ನಿನಗೂ ಅಲ್ಲಿ ಸುದ್ದಿ ಮುಟ್ಟಿರತದ, ಆದ್ರೂ ನಾ ಬರೀಬೇಕು.

ಮೊನ್ನಿ ಕನಕರಾಯ ಫೋನ್ ಹಚ್ಚಿದ್ದ. ಆತನ ಹಿಂದ ಮೋಟರ್ ತಿರುಗೋ ಸಪ್ಪಳ, ನನ್ನ ಅಂಗಡ್ಯಾಗ ಯಾರೋ ಪಾಸ್‌ಪೋರ್ಟ್ ಸೈಜ್ ಬೇಕಂತ ಗದ್ದಲ. ಆತ ಮೊದಲು ಕ್ಯಾಮೆರಾ ಬಗ್ಗೆ ಕೇಳಿದ. ಆಮ್ಯಾಲೆ, ಫೋಟೊ ನೋಡಿದೆ, ಬಾಳ ಹಿಡಿಸ್ತು ಅಂದ. ನಾನೇ ಬಾಯಿ ಬಿಟ್ಟು ಕೇಳಿದೆ, ಎಲ್ಲಾ ನೋಡೀರಿ ಹೌದಿಲ್ಲೋ, ಅದು ರೀಲಿನ ಫೋಟೊ ರೀ, ಏನೂ ತಿದ್ದಿಲ್ಲ, ನಾ ಹೆಂಗದೀನಿ ಹಂಗೇ ಅದ ಅಂತ. ಎಲ್ಲಾ ನೋಡೀನಿ ಅಂದ. ಈಗಿನ ಕಾಲದಾಗ ಹಂಗ ಯಾರು ಕಳಸತಾರ, ಅದಕ್ಕೇ ನಮ್ಮವ್ವಗೂ ಹಿಡಿಸ್ತು ಅಂದ.

ಫೋನ್ ಇಟ್ಟ ಮ್ಯಾಲೆ ಅಂಗಡಿ ಬಾಗಲಾ ಹಾಕ್ಕೊಂಡು ಅತ್ತೆ. ನಗಬ್ಯಾಡ. ನನ್ನ ಮಾರಿ ನೋಡಿ ಹಿಡಿಸ್ತು ಅಂತ ಒಬ್ಬ ಮನುಷ್ಯ ಅಂದ. ಮೂವತ್ತು ವರ್ಷದಾಗ ಈ ಮಾತು ಕೇಳತೀನಿ ಅಂತ ನಾ ಅನಕೊಂಡಿದ್ದಿಲ್ಲ.

ಇಪ್ಪತ್ತೊಂಬತ್ತಕ್ಕ, ಐತಾರ, ನೋಡಾಕ ಬರತಾರ. ನೀ ಬರಲೇಬೇಕು. ಪೇಪರ್ ಬಂದ್ರ ನನಗೊಂದು ಪ್ರಿಂಟ್ ತಗೊಂಡು ಬಾ, ಅವರಿಗೆ ಅಷ್ಟು ಹಿಡಿಸಿದ ಫೋಟೊ ನಾನೇ ನೋಡಿಲ್ಲ.

ಚಂದ್ರಕಲಾ


ರಾಯಚೂರು
19 ಡಿಸೆಂಬರ್ 2024

ಚಂದ್ರಿ,

ನಿನ್ನ ಚೀಟಿ ಎರಡು ಸಲ ಓದಿದೆ. ಖುಷಿ ಆತು.

ಒಂದು ಮಾತು ಹೇಳಬೇಕಾಗಿತ್ತು. ಬರಿಯಾಕ ಬರಂಗಿಲ್ಲ, ಬಂದಾಗ ಹೇಳತೀನಿ. ಸದ್ಯಕ್ಕ ಇಷ್ಟು ಮಾಡು. ಅವರು ಬಂದಾಗ ಕಿಟಕಿ ನಿನ್ನ ಬಲಕ್ಕ ಬರೋ ಹಂಗ ಕುಂದ್ರು. ಬಲಗಲ್ಲದ ಮ್ಯಾಲೆ ಬೆಳಕು ಚಲೋ ಬೀಳ್ತದ. ಎಡಕ್ಕ ತುಸು ನೆರಳಿದ್ರ ಮಾರಿಗೆ ಒಂದು ಕಳಿ. ಸೆರಗು ಎಡಗಡಿ ತುಂಬ ಹೊದಕೋ, ಹಿರ್ಯಾರ ಮುಂದ ಚಲೋ ಕಾಣತದ. ಟ್ಯೂಬ್‌ಲೈಟ್ ಹಚ್ಚಬ್ಯಾಡ. ಮಾತು ಹೆಚ್ಚು ಆಡಿಸು, ನಿನ್ನ ಕೆಲಸದ ಬಗ್ಗೆ ಹೇಳು. ಮಂದಿ ಮಾತಿಗೆ ಬಿದ್ರ ಬ್ಯಾರೇ ಕಡಿ ಲಕ್ಷ್ಯ ಇರಂಗಿಲ್ಲ.

ಕಾಕಾ


ದೇವದುರ್ಗ
23 ಡಿಸೆಂಬರ್ 2024

ಕಾಕಾ,

ನಿನ್ನ ಚೀಟಿ ಅವ್ವಗ ಓದಿ ಹೇಳಿದೆ, ಇಬ್ಬರೂ ಹೊಟ್ಟಿ ಹುಣ್ಣಾಗೋ ಹಂಗ ನಕ್ಕಿವಿ. ಕನ್ಯಾ ನೋಡಾಕ ಬರೋರಿಗೂ ನೀ ಲೈಟಿಂಗ್ ಮಾಡಾಕತ್ತೀದಿ! ಅವರು ಎಲ್ಲಾ ನೋಡೇ ಬರಾಕತ್ತಾರ, ಇನ್ನ ನೆರಳು ಯಾಕ ಬೇಕು. ನೀ ಬಾ, ಬಂದು ನೀನೇ ಕುಂದ್ರಸು. ಹೇಳಬೇಕಾದ ಮಾತು ಏನದು? ಆತ ಅಂಗಡಿ ಸಲುವಾಗಿ ಸಾಲ ಮಾಡ್ಯಾನ? ಮಾಡಿದ್ರ ಮಾಡಲಿ ಬಿಡು, ನಾನೂ ದುಡೀತೀನಿ.

ಅಪ್ಪ ಹಿಂಡು ಬ್ಯಾರೇದವರಿಗೆ ಒಪ್ಪಿಸಿ ಬರತಾನ. ಹೊಸಾ ರುಮಾಲು ತಂದೀನಿ. ಶನಿವಾರ ಸಂಜಿ ಬಸ್ಸಿಗೇ ಬಾ.

ಚಂದ್ರಕಲಾ


ರಾಯಚೂರು
27 ಡಿಸೆಂಬರ್ 2024

ನನ್ನವ್ವಾ,

ಮೊಣಕಾಲು ಹಿಡಕೊಂಡದ, ಏಳಾಕ ಆಗವಲ್ದು. ಬಸ್ಸು ಹತ್ತಬ್ಯಾಡ ಅಂತ ನಿಮ್ಮ ಕಾಕಿ ಜಗಳಾ ತಗದಾಳ. ಬರಾಕ ಆಗಂಗಿಲ್ಲ. ಎಲ್ಲಾ ಚಲೋ ಆಗತದ. ಬೆಳಕಿಂದು ಹೇಳಿದ್ದು ಮರೀಬ್ಯಾಡ.

ಕಾಕಾ


ದೇವದುರ್ಗ
2 ಜನವರಿ 2025

ಕಾಕಾ,

ಸಿಟ್ಟಿನಾಗ ಬರದ್ರ ಏನರ ಬರದೇನು ಅಂತ ಇಷ್ಟು ದಿನ ತಡದೆ. ಸಿಟ್ಟು ಇಳದಿಲ್ಲ. ಆದ್ರೂ ಬರಿಯಾಕತ್ತೀನಿ.

ಏಳು ಮಂದಿ ಬಂದಿದ್ರು. ಅಪ್ಪ ಹೊಸಾ ರುಮಾಲು ಸುತಿಗೊಂಡು ಬಾಗಲದಾಗ ನಿಂತಿದ್ದ. ನಾ ಚಾ ಕೊಟ್ಟು, ನೀ ಹೇಳಿದಂಗ ಕುಂದ್ರಲಿಲ್ಲ. ಫೋಟೊದಾಗ ಕುಂತಂಗೇ, ಎಡಗಲ್ಲ ಕಿಟಕಿ ಕಡಿ ಮಾಡಿ ಕುಂತೆ. ಕೂಡಲೇ ಗುರ್ತ ಹಿಡೀಲಿ ಅಂತ ಹಂಗ ಮಾಡಿದ್ದೆ.

ಕನಕರಾಯ ಒಮ್ಮಿ ನೋಡಿ ತಲಿ ಕೆಳಗ ಮಾಡಿದ. ಅವರವ್ವ ಎದ್ದು ಬಂದು ಬಗಲಾಗ ಕುಂತ್ಲು. ನನ್ನ ಗಲ್ಲದ ಹತ್ರ ಕೈ ತಂದು, ಮುಟ್ಟದಂಗ ಹಿಡದು, ಬಾಳ ಮೆತ್ತಗ ಕೇಳಿದ್ಲು.

"ಇದು ಯಾವಾಗ ಆತವ್ವ? ಮೊನ್ನಿ ಮೊನ್ನೀದಾ?"

ನಾ ನಕ್ಕೆ. ಸಣ್ಣಾಕಿದ್ದಾಗಿಂದು ರೀ, ಫೋಟೊದಾಗ ನೋಡೀರಲ್ಲ ಅಂದೆ. ಆಕಿ ಚೀಲದಾಗಿಂದ ಫೋಟೊ ತಗದು ನನ್ನ ಕೈಯಾಗ ಇಟ್ಲು.

ನಂದೇ ಸ್ಟೂಲು. ನಂದೇ ಕಿಟಕಿ. ಕಣ್ಣು, ಮೂಗು, ಕುಪ್ಪಸದ ಗುಂಡಿ ತನಕ ನಾನೇ. ಎಡಗಲ್ಲ ಮಾತ್ರ ತೊಳದಿಟ್ಟ ತಾಟಿನಂಗ ಸಾಫ್ ಆಗಿತ್ತು. ತಿರುವಿ ನೋಡಿದೆ, ಹಿಂದ ನಿನ್ನ ಸ್ಟುಡಿಯೋದ ಹೆಸರಿನ ಹಳೇ ಠಸ್ಸಿ ಒತ್ತಿತ್ತು.

ನಾ ಮಾಡಿಲ್ರಿ ಅಂದೆ. ಯಾರು ನಂಬತಾರ ಕಾಕಾ? ಫೋಟೊ ಹೊಡಿಯಾಕಿ ನಾನೇ. ಏನೂ ತಿದ್ದಿಲ್ಲ ಅಂತ ಫೋನಿನಾಗ ಹೇಳಿದಾಕಿ ನಾನೇ. ಅವರು ಗದ್ದಲ ಮಾಡಲಿಲ್ಲ. ಚಾ ಕುಡದು ವಾಟಿ ಕೆಳಗಿಟ್ರು, ಎದ್ರು. ಕನಕರಾಯ ಕಡೀಕ ಹೊಂಟಾಂವ ಬಾಗಲದಾಗ ನಿಂತು, "ಕಲಿ ಇದ್ರ ಇರತಿತ್ತು ರೀ. ಫೋನಿನಾಗ ಹೇಳಬೇಕಿತ್ತು" ಅಂದ.

ಅವರು ಹೋದ ಮ್ಯಾಲೆ ಅಪ್ಪ ರುಮಾಲು ಬಿಚ್ಚಿ ಗೂಟಕ್ಕ ಹಾಕಿ, ಯಾಕವ್ವಾ ಹಿಂಗ ಮಾಡಿದಿ ಅಂತ ನನ್ನ ಕೇಳಿದ. ನನ್ನ. ಹೆತ್ತಪ್ಪನೇ ನಾ ಸುಳ್ಳಿ ಅಂತ ತಿಳ್ಕೊಂಡು ಅವತ್ತೇ ಹಿಂಡಿನ ಕಡಿ ಹೊಂಟು ಹೋದ. ನಿನ್ನ ಹೆಸರು ನಾ ಇನ್ನಾ ಹೇಳಿಲ್ಲ. ನನಗ ಖಾತ್ರಿ ಇಲ್ಲ. ರೀಲಿನಾಗ ಹಿಂಗ ಮಾಡಾಕ ಬರತದ ಅಂತ ನೀ ಎಂದೂ ನನಗ ಕಲಿಸಿಲ್ಲ.

ನೆಗೆಟಿವ್ ಕಳಸು. ಅದರಾಗ ನನ್ನ ಕಲಿ ಇತ್ತಂದ್ರ, ನಿನ್ನ ಮ್ಯಾಲೆ ಸಂಶೆ ಪಟ್ಟಿದ್ದಕ್ಕ ಬಂದು ಕಾಲಿಗೆ ಬೀಳತೀನಿ.

ಚಂದ್ರಕಲಾ


ರಾಯಚೂರು
11 ಜನವರಿ 2025

ಚಂದ್ರಕಲಾ,

ನೆಗೆಟಿವ್ ಇದರ ಕೂಡ ಅದ. ಬೆಳಕಿಗೆ ಓರಿ ಮಾಡಿ ಹಿಡಿ, ಎಡಗಲ್ಲದ ಮ್ಯಾಲೆ ಒಂದು ಹೊಳಪು ಕಾಣತದ. ಅದು ಪೆನ್ಸಿಲ್. ನೆಗೆಟಿವ್‌ನಾಗ ಎಲ್ಲಾ ತಿರುಗು ಮುರುಗು, ಕರೇ ಕಲಿ ಇದ್ದ ಜಾಗ ತೆಳ್ಳಗಿರತದ. ಅಲ್ಲಿ ಸಣ್ಣ ಮೊನಿಲೆ ಚುಕ್ಕಿ ಮ್ಯಾಲೆ ಚುಕ್ಕಿ ಇಟಗೋತ ಹೋದ್ರ ಪ್ರಿಂಟಿನಾಗ ಚರ್ಮ ಸಮ ಆಗತದ. ನಾ ಮಾಡೀನಿ.

ಈಗ ನನ್ನ ಮಾತೂ ಕೇಳು. ನಮ್ಮ ಕಾಲದಾಗ ಕನ್ಯಾ ಫೋಟೊಕ್ಕ ಪೆನ್ಸಿಲ್ ಹಚ್ಚದೇ ಯಾವ ಸ್ಟುಡಿಯೋದವನೂ ಕೊಡತಿದ್ದಿಲ್ಲ. ಯಾರೂ ಕೇಳತಿದ್ದಿಲ್ಲ, ನಾವೂ ಹೇಳತಿದ್ದಿಲ್ಲ. ಮೈಲಿ ಕಲಿ, ಮೊಡವಿ, ಕಣ್ಣಿನ ಕೆಳಗಿನ ಕಪ್ಪು, ಎಲ್ಲಾ ತಗೀತಿದ್ವಿ. ಗಂಡಿನವರಿಗೂ ಅದು ಗೊತ್ತಿತ್ತು. ಫೋಟೊ ಕೈಯಾಗ ಹಿಡದು, ಇದರಾಗ ಪೆನ್ಸಿಲ್ ಎಷ್ಟು ಅಂತ ತಾವೇ ಕಳದು ನೋಡತಿದ್ರು. ಯಾರಿಗೂ ಮೋಸ ಅನಸತಿದ್ದಿಲ್ಲ. ಈಗಿನವರು ರೀಲಂದ್ರ ಖರೇ ಅಂತ ನಂಬತಾರ, ಅದು ನನ್ನ ತಲ್ಯಾಗ ಬರಲಿಲ್ಲ.

ಬಾಗಲಾ ದಾಟಿ ಒಮ್ಮಿ ಒಳಗ ಬರಲಿ, ನಿನ್ನ ಮಾತು ಕೇಳಿದ್ರ, ನಿನ್ನ ನಡತಿ ನೋಡಿದ್ರ ಕಲಿ ಲೆಕ್ಕಕ್ಕ ಬರಂಗಿಲ್ಲ ಅನಕೊಂಡೆ. ನಿನ್ನ ಮ್ಯಾಲಿನ ಮಾಯಾಕ್ಕ ಮಾಡೀನಿ. ಇದು ಹೊಸಾದೂ ಅಲ್ಲ. ನಿನ್ನ ಸಾಲಿ ಫೋಟೊ, ಹತ್ತನೇ ಕ್ಲಾಸಿನ ಪರೀಕ್ಷಾಕ್ಕ ಹೊಡದದ್ದು, ಎಲ್ಲಾದಕ್ಕೂ ಹಚ್ಚೀನಿ. ಮಂದಿ ನಿನ್ನ ಆಡಿಕೊಳ್ಳಬಾರದು ಅಂತ ಹಚ್ಚೀನಿ. ಮಗಳಂಗ ಸಾಕೀನಿ ನಿನ್ನ.

ಕಾಕಾ


ರಾಯಚೂರು
4 ಫೆಬ್ರವರಿ 2025

ನನ್ನವ್ವಾ,

ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ ಹನುಮಂತ್ರಾಯನ್ನ ಕೇಳಾಕತ್ತೀನಿ. ಏನೂ ಕೊಟ್ಟಿಲ್ಲ ಕಾಕಾ ಅಂತಾನ. ಅಣ್ಣ ಫೋನ್ ಎತ್ತವಲ್ಲ.

ಕುರ್ಡಿಗೆ ಹೋಗಿ ಇದು ನನ್ನ ಕೈಯಾಗ ಆದದ್ದು ಅಂತ ಹೇಳಬೇಕು ಅಂತ ಎರಡು ಸಲ ಹೊಂಟೆ. ಈ ವಯಸ್ಸಿನಾಗ ಹೋಗಿ ಮರ್ಯಾದಿ ಕಳಕೋಬ್ಯಾಡ ಅಂತ ನಿಮ್ಮ ಕಾಕಿ ಅಂದ್ಲು, ನಿಂತೆ. ಚಾದಂಗಡಿ ಕಡಿ ಹೋಗೋದು ಬಿಟ್ಟೀನಿ.

ಕಿವಿಗೆ ಮಿಷಿನ್ ಹಾಕ್ಕೊಂಡೀನಿ. ಈಗ ಎಲ್ಲಾ ಕೇಳಸತದ. ಫೋನ್ ಹಚ್ಚು, ಬೈದ್ರ ಬೈ. ಫೋಟೊ ದೊಡ್ಡದು ಮಾಡೋ ಎನ್ಲಾರ್ಜರ್, ಟ್ರೇ, ಕೆಂಪು ಬಲ್ಬು, ಈ ಖೋಲಿ ಸಾಮಾನೆಲ್ಲಾ ನಿಂದೇ, ಟೆಂಪೋದಾಗ ಹಾಕಿ ಕಳಸತೀನಿ. ನನ್ನ ಹತ್ರ ನಿಂದೊಂದೂ ಫೋಟೊ ಉಳೀಲಿಲ್ಲ. ಒಂದು ಕಳಸು, ಕಣ್ಣ ಮುಂದ ಇಟಗೊಂತೀನಿ.

ನಿನ್ನ ಕಾಕಾ


ದೇವದುರ್ಗ
9 ಮಾರ್ಚ್ 2025

ಪರಮಣ್ಣ ಕಾಕಾ ಅವರಿಗೆ,

ನಿಮ್ಮ ಎರಡೂ ಚೀಟಿ ಮುಟ್ಟ್ಯಾವ. ಸಾಮಾನು ಕಳಸಬ್ಯಾಡ್ರಿ, ಇಳಿಸಿಕೊಳ್ಳಂಗಿಲ್ಲ.

ತಲ್ಯಾಗ ಬರಲಿಲ್ಲ ಅಂತ ಬರದೀರಿ. ಹೆಂಗ ಬಂದದ ಹಂಗ ಕಳಸು ಅಂತ ನಾ ಬರದ ಚೀಟಿ ಓದೇ ನೀವು ಪೆನ್ಸಿಲ್ ಚೂಪು ಮಾಡೀರಿ. ಎಲ್ಲಾ ನೋಡೀನಿ ಅಂತ ಆತ ಅಂದ, ನಾ ಅತ್ತೆ ಅಂತ ಬರದ್ರ ಅದನ್ನೂ ಎರಡು ಸಲ ಓದೀರಿ. ಅವತ್ತು ನೀವು ಒಂದು ಸಾಲು ಬರದಿದ್ರ ನಾನೇ ಫೋನ್ ಹಚ್ಚಿ ಹೇಳತಿದ್ದೆ. ನೀವು ಕಿಟಕಿ ಯಾವ ಕಡಿ ಇರಬೇಕು ಅಂತ ಬರದ್ರಿ. ಅದನ್ನ ಓದಿ ನಾವು ನಕ್ಕಿವಿ. ಅದು ನೆನಪಾದ್ರ ಈಗೂ ಮೈ ಉರೀತದ.

ಸಾಲಿ ಫೋಟೊ ತಗದು ನೋಡಿದೆ. ಸಣ್ಣಾಕಿದ್ದಾಗ ಕಲಿ ಅಷ್ಟು ಇದ್ದಿಲ್ಲ, ಬೆಳದಂಗ ಕಪ್ಪಾತು ಅಂತ ನಾ ಇಷ್ಟು ವರ್ಷ ತಿಳ್ಕೊಂಡಿದ್ದೆ. ಯಾವ ಎಣ್ಣಿ ಹಚ್ಚಿದ್ದಕ್ಕ ಹಿಂಗಾತು ಅಂತ ಅವ್ವನ ಕೂಡ ಜಗಳಾನೂ ಮಾಡೀನಿ. ಅವ್ವ ಅತ್ತಿದ್ಲು. ನೀವು ಕಲಿ ನೋಡಂಗಿಲ್ಲ ಅಂತ ನಾ ಅನಕೊಂಡಿದ್ದೆ. ಎಲ್ಲಾರಕಿಂತ ಹೆಚ್ಚು ನೋಡಿದೋರು ನೀವೇ, ಭೂತಗನ್ನಡಿ ಹಿಡದು ನೋಡೀರಿ.

ಅಪ್ಪಗ ಹೇಳೀನಿ. ನೆಗೆಟಿವ್ ತೋರಿಸಿದೆ. ಬಾಳ ಹೊತ್ತು ಹಿಡಕೊಂಡು ಕುಂತಿದ್ದ. ನಿಮ್ಮ ಫೋನ್ ಯಾಕ ಎತ್ತಂಗಿಲ್ಲ ಅನ್ನೋದು ನಿಮ್ಮ ಅಣ್ಣ ತಮ್ಮರ ವಿಷಯ.

ಕುರ್ಡಿಗೂ ನಾನೇ ಹೋಗಿದ್ದೆ. ಲಗ್ನ ಆಗಲಿ ಅಂತ ಹೋಗಲಿಲ್ಲ, ಸುಳ್ಳಿ ಅನ್ನಿಸಿಕೊಂಡು ಇರಾಕ ಆಗಲಿಲ್ಲ, ಅದಕ್ಕ ಹೋದೆ. ಕನಕರಾಯನ ತಾಯಿಗೆ ನೆಗೆಟಿವ್ ಬೆಳಕಿಗೆ ಹಿಡದು ಪೆನ್ಸಿಲ್ ತೋರಿಸಿದೆ, ನಿಮ್ಮ ಚೀಟಿ ಓದಿ ಹೇಳಿದೆ. ನೀ ಮಾಡಿಲ್ಲ ಅಂತ ತಿಳೀತವ್ವ ಅಂದ್ಲು. ಊಟಕ್ಕ ಎಬ್ಬಿಸಿದ್ಲು. ಮಗಗ ಮಲ್ಲಟ ಊರಿನ ಹುಡುಗಿ ಕೂಡ ಎಲಿ ಅಡಿಕಿ ಶಾಸ್ತ್ರ ಮುಗದದ ಅಂತ ಆಕೀನೇ ಹೇಳಿದ್ಲು. ಉಂಡು ಕೈ ತೊಳಕೊಂಡು ಹೊಂಟಾಗ ನನಗ ತಡಿಯಾಕ ಆಗಲಿಲ್ಲ. ಮೊದಲೇ ಖರೇ ಫೋಟೊ ಬಂದಿದ್ರ ಏನಂತಿದ್ರಿ ಅಂತ ಕೇಳಿದೆ. ಆಕಿ ಸೆರಗಿನ ತುದಿ ಹಿಡಕೊಂಡ್ಲು.

"ಈಗ ಏನಂತ ಹೇಳಲವ್ವ?" ಅಂದ್ಲು.

ಅದು ನನಗ ಇನ್ನ ಎಂದೂ ಗೊತ್ತಾಗಂಗಿಲ್ಲ. ಬ್ಯಾಡ ಅಂತಿದ್ರ ಅಳತಿದ್ದೆ, ಮರೀತಿದ್ದೆ. ಹೂಂ ಅಂತಿದ್ರೋ ಏನೋ. ನನ್ನ ಮಾರಿಗೆ ಬರಬೇಕಾಗಿದ್ದ ಒಂದು ಉತ್ತರ ಇತ್ತು, ಅದು ಚಲೋದೋ ಕೆಟ್ಟದ್ದೋ ನಂದಾಗಿತ್ತು. ಅದನ್ನ ನೀವು ತಗೊಂಡ್ರಿ. ಮಾಯಾ ಅಂತ ಹೆಸರಿಟ್ಟು ತಗೊಂಡ್ರಿ.

ರೀಲು ನಾ ಬಿಟ್ಟಿಲ್ಲ. ಗೂಗಲ್‌ನಾಗ ಮತ್ತೊಂದು ಹೊಡದು ನಾನೇ ತೊಳದೆ. ಅರ್ಧ ಕೆಟ್ಟಾವ. ಕೆಡಲಿ, ನನ್ನ ಕೈಲೆ ಕೆಟ್ಟಾವ. ಇನ್ನ ಬಸ್‌ಸ್ಟ್ಯಾಂಡಿಗೆ ಹೋಗಬ್ಯಾಡ್ರಿ, ಹನುಮಂತ್ರಾಯನ ಕೈಯಾಗ ಇನ್ನ ಏನೂ ಬರಂಗಿಲ್ಲ.

ಫೋಟೊ ಕೇಳೀರಿ, ಇಟ್ಟೀನಿ. ಹತ್ತಿಗೆ ಟರ್ಪೆಂಟೈನ್ ಹಚ್ಚಿ ನೆಗೆಟಿವ್ ಮ್ಯಾಲಿನ ಪೆನ್ಸಿಲ್ ಒರಸಿದೆ. ನಿಮ್ಮ ಮೂರು ದಿನದ ಕೆಲಸ ಒಂದೇ ಸಲಕ್ಕ ಹೋತು. ಎನ್ಲಾರ್ಜರ್ ಇಲ್ಲದ್ದಕ್ಕ ನೆಗೆಟಿವ್‌ನ ಪೇಪರ್ ಮ್ಯಾಲಿಟ್ಟು ಅಷ್ಟೇ ಅಗಲದ ಪ್ರಿಂಟ್ ತಗದೀನಿ. ಸಣ್ಣದದ, ದೂರಿಂದ ಕಾಣಂಗಿಲ್ಲ. ಕಿಟಕಿಗೆ ಹೋಗಿ ಕಣ್ಣಿನ ಹತ್ರ ಹಿಡದು ನೋಡಬೇಕು. ಮಾರಿ ಹೊಳ್ಳಿಸದೇ ಪೂರ್ತಿ ನೋಡ್ರಿ.

ಚಂದ್ರಕಲಾ